ಹ್ಯಾಂಗ್ ಆಗಿಲ್ಲ, ಉತ್ತರಕ್ಕೆ ಕಾಯ್ತಾ ಇದೆ

ನಮಸ್ಕಾರ. ನಾಲ್ಕೈದು ವಿಂಡೋ ತೆಗೆದಿಟ್ಕೊಂಡು ಕೆಲಸ ಮಾಡ್ತಾ ಇರ್ತೀರ, ಇದ್ದಕ್ಕಿದ್ದಂಗೆ ಪ್ರೋಗ್ರಾಂ ಕಲ್ಲಾಗಿ ಕೂತ್ಬಿಡುತ್ತೆ, ಎಲ್ಲಿ ಕ್ಲಿಕ್ ಮಾಡಿದ್ರೂ ಟಣ್ ಅಂತ ಒಂದು ಸದ್ದು, ಅಷ್ಟೇ. ನಂಗೂ ಹಂಗೇ ಆಯ್ತು. ಬೈಕೊಂಡು ಟಾಸ್ಕ್ ಮ್ಯಾನೇಜರ್‌ಗೆ ಹೋಗಿ ಎಂಡ್ ಟಾಸ್ಕ್ ಕೊಟ್ಟೆ, ಮುಕ್ಕಾಲು ಗಂಟೆ ಟೈಪ್ ಮಾಡಿದ್ದು ಹೋಯ್ತು. ಮುಂದಿನ ಸಲ ಅದೇ ಥರ ನಿಂತಾಗ ಒಂದೊಂದೇ ವಿಂಡೋ ಕೆಳಗಿಳಿಸಿ ನೋಡಿದ್ರೆ, ಹಿಂದೆ ಒಂದು ಪುಟಾಣಿ ಬಾಕ್ಸು, "ಸೇವ್ ಮಾಡ್ಬೇಕಾ?" ಅಂತ ಕೇಳ್ಕೊಂಡು ಕೂತಿತ್ತು!

ಇದಕ್ಕೆ ಮೋಡಲ್ ಡೈಲಾಗ್ ಅಂತಾರೆ. ಅದಕ್ಕೆ ಉತ್ತರ ಕೊಡೋವರೆಗೂ ಹಿಂದಿನ ವಿಂಡೋ ಮುಟ್ಟೋಕೆ ಬಿಡಲ್ಲ. ನಿಜವಾಗ್ಲೂ ಹ್ಯಾಂಗ್ ಆಗಿದ್ರೆ ಲಕ್ಷಣಾನೇ ಬೇರೆ, ವಿಂಡೋಸ್‌ನಲ್ಲಿ 5 ಸೆಕೆಂಡ್ ಉಸಿರೇ ಇಲ್ಲದಿದ್ರೆ ಆ ವಿಂಡೋ ಬೆಳ್ಳಗೆ ಮಂಕಾಗಿ ಮೇಲೆ ನಾಟ್ ರೆಸ್ಪಾಂಡಿಂಗ್ ಅಂತ ಬರುತ್ತೆ. ಟಣ್ ಅಂತಿದೆ, ಬಣ್ಣ ಕೆಟ್ಟಿಲ್ಲ ಅಂದ್ರೆ ಎಲ್ಲೋ ಒಂದು ಬಾಕ್ಸ್ ಅವಿತಿದೆ ಅಂತ್ಲೇ ಅನುಮಾನ ಪಡಿ.

ಮೊದಲು ಆಲ್ಟ್ ಟ್ಯಾಬ್ ಒತ್ತಿ ಹುಡುಕಿ. ಸಿಗ್ಲಿಲ್ವಾ, ಮಿಕ್ಕ ವಿಂಡೋಗಳನ್ನ ಮಿನಿಮೈಸ್ ಮಾಡಿ. ಆಗ್ಲೂ ಕಾಣ್ಲಿಲ್ಲ ಅಂದ್ರೆ ಅದು ಪರದೆಯಿಂದ ಆಚೆಗೇ ಹೋಗಿರ್ಬಹುದು, ಯಾಕಂದ್ರೆ ಎರಡನೇ ಮಾನಿಟರ್ ಇದ್ದಾಗ ಅಲ್ಲಿ ತೆರೆದಿದ್ದನ್ನ ಕೆಲವು ಪ್ರೋಗ್ರಾಂ ನೆನಪಿಟ್ಕೊಂಡು, ಮಾನಿಟರ್ ಕಿತ್ತಮೇಲೂ ಅದೇ ಜಾಗಕ್ಕೆ ಹೋಗಿ ತೆರೆಯುತ್ತೆ. ಆಗ ಆಲ್ಟ್ ಜೊತೆ ಸ್ಪೇಸ್ ಒತ್ತಿ ಬಿಡಿ, ಎಂ ಒತ್ತಿ, ಬಾಣದ ಕೀ ಯಾವುದಾದ್ರೂ ಒಂದು ಸಲ ಒತ್ತಿ, ಈಗ ಮೌಸ್ ಅಲ್ಲಾಡಿಸಿ. ಫೋಕಸ್, ಅಂದ್ರೆ ಒತ್ತಿದ ಕೀ ಹೋಗಿ ಸೇರೋ ಜಾಗ, ಆ ಬಾಕ್ಸ್ ಮೇಲಿದ್ರೆ ಮೌಸ್‌ಗೆ ಅಂಟಿಕೊಂಡು ಬಂದ್ಬಿಡುತ್ತೆ, ಬೇಕಾದ ಕಡೆ ಕ್ಲಿಕ್ ಮಾಡಿ ಬಿಡೋದು. ಮೊದಲನೇ ಸಲ ನೋಡಿದಾಗ ನಾನು ನಕ್ಕೇಬಿಟ್ಟೆ.

ತಪ್ಪು ಬಳಸೋರದ್ದಲ್ಲ ಬಿಡಿ, ಪ್ರೋಗ್ರಾಂ ಬರೆದೋರದ್ದು. ಬಾಕ್ಸ್ ತೆರೆಯುವಾಗ ಇದಕ್ಕೆ ಓನರ್ ಯಾವ ವಿಂಡೋ ಅಂತ ಹೇಳ್ಬೇಕು, ಹೇಳಿದ್ರೆ ಅದು ಯಾವತ್ತೂ ಆ ಓನರ್ ಮೇಲೇ ಇರುತ್ತೆ. ಆ ಜಾಗದಲ್ಲಿ ನಲ್, ಅಂದ್ರೆ ಯಾರೂ ಇಲ್ಲ, ಅಂತ ಹಾಕಿ ಕೈ ತೊಳ್ಕೊಂಡ್ರೆ ಬಾಕ್ಸ್ ಅನಾಥ, ಎಲ್ಲಿ ಬೇಕಾದ್ರೂ ಹೋಗಿ ಅವಿತ್ಕೊಳುತ್ತೆ. ಕೆಲವರು ಇದಕ್ಕೆ ಪರಿಹಾರ ಅಂತ ಆಲ್ವೇಸ್ ಆನ್ ಟಾಪ್ ಹಾಕ್ತಾರೆ. ಅದಂತೂ ಇನ್ನೂ ಹಿಂಸೆ, ಸಂಬಂಧವೇ ಇಲ್ಲದ ಬೇರೆ ಪ್ರೋಗ್ರಾಂ ಮೇಲೂ ಬಂದು ಕೂರುತ್ತೆ.

ಇನ್ನೊಂದು, ಒಂದು ಬಾಕ್ಸ್‌ಗೋಸ್ಕರ ಎಲ್ಲಾ ವಿಂಡೋಗೂ ಬೀಗ ಹಾಕ್ಬೇಕಾಗಿಲ್ಲ. ಪ್ರೋಗ್ರಾಂ ಬರೆಯೋ ಭಾಷೆ ಜಾವಾದಲ್ಲಿ 2006ರ 6ನೇ ಆವೃತ್ತಿಯಿಂದ ಒಂದು ಡಾಕ್ಯುಮೆಂಟ್‌ಗೆ ಮಾತ್ರ ತಡೆ ಹಾಕೋ ಸೌಲಭ್ಯ ಇದೆ, ವಿಂಡೋ, ಬಟನ್ ಎಲ್ಲ ಕಟ್ಟೋಕೆ ಬಳಸೋ ಕ್ಯೂಟಿ (Qt) ಅನ್ನೋ ಟೂಲ್‌ಕಿಟ್‌ನಲ್ಲಿ ವಿಂಡೋ ಮೋಡಲ್ ಅಂತ ಇದೆ. ಮ್ಯಾಕ್‌ನಲ್ಲಿ ಶೀಟ್ ಅಂತ ಮಾಡಿದಾರೆ, ಆ ಬಾಕ್ಸ್ ತನ್ನ ವಿಂಡೋಗೇ ಅಂಟಿಕೊಂಡಿರುತ್ತೆ, ಅವಿತ್ಕೊಳೋಕೆ ಜಾಗಾನೇ ಇಲ್ಲ.

ಹಾಂ, ಬಾಕ್ಸ್ ಕಾಣ್ತಿಲ್ಲ ಅಂತ ಸುಮ್ಮನೆ ಎಂಟರ್ ಕುಟ್ಟಬೇಡಿ, ಅದು "ಡಿಲೀಟ್ ಮಾಡ್ಲಾ?" ಅಂತ ಕೇಳ್ತಾ ಇರ್ಬಹುದು. ಒತ್ತಲೇಬೇಕು ಅಂದ್ರೆ ಎಸ್ಕೇಪ್ ಒತ್ತಿ, ಸಾಮಾನ್ಯವಾಗಿ ಅದು ಕ್ಯಾನ್ಸಲ್ ಅಂತ್ಲೇ ತಗೊಳುತ್ತೆ. ನಮಸ್ಕಾರ.