ಎರಡು ತೊಟ್ಟಿಲು, ಐದು ಗಂಟೆ ನಿದ್ದೆ

ನಲವತ್ತು ದಾಟಿದ ಮೇಲೆ ಅವಳಿ ಮಕ್ಕಳಾದವರ ಮನೆಗೆ ನೋಡೋಕೆ ಬಂದವರೆಲ್ಲ ಒಂದು ಮಾತು ಹೇಳಿ ಹೋಗ್ತಾರೆ: "ಮಕ್ಕಳು ಮಲಗಿದಾಗ ನೀವೂ ಒಂದು ನಿದ್ದೆ ತೆಗೆದುಬಿಡಿ." ಒಂದೇ ಮಗು ಇದ್ದರೆ ಈ ಸಲಹೆ ಅರ್ಧ ಸರಿ. ಎರಡಿದ್ದರೆ ಒಂದು ಮಲಗೋ ಹೊತ್ತಿಗೆ ಇನ್ನೊಂದು ಎದ್ದಿರುತ್ತೆ. ಹಾಗಾದ್ರೆ ನೀವು ಮಲಗೋದು ಯಾವಾಗ? ಇದಕ್ಕೆ ಆ ಸಲಹೇಲಿ ಉತ್ತರ ಇಲ್ಲ.

ಲೆಕ್ಕ ಹಾಕಿ ನೋಡಿ. ಹುಟ್ಟಿದ ಹೊಸದರಲ್ಲಿ ಮಗು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತೆ. ಕಡಿಮೆ ಅಂದ್ರೂ 8 ಅಂತಿಟ್ಟುಕೊಳ್ಳಿ. ಕುಡಿಸಿ, ತೇಗು ಬರಿಸಿ, ಡೈಪರ್ ಬದಲಿಸಿ, ಮತ್ತೆ ಮಲಗಿಸೋಕೆ 40 ನಿಮಿಷ ಬೇಕು. ಇಬ್ಬರಿಗೆ 16 ಸಲ ಅಂದ್ರೆ 640 ನಿಮಿಷ, ಹತ್ತೂವರೆ ಗಂಟೆಗೂ ಮೀರಿ. ಬಾಟಲ್ ತೊಳೆಯೋದು, ಬಟ್ಟೆ ಒಗೆಯೋದು, ನೀವು ಊಟ ಮಾಡೋದು ಇದರಲ್ಲಿ ಸೇರಿಲ್ಲ. ದಿನಕ್ಕೆ 24 ಗಂಟೆ ಇದೆಯಲ್ಲ ಅನ್ನಬಹುದು. ಆದ್ರೆ ಈ ಹತ್ತೂವರೆ ಗಂಟೆ ಒಟ್ಟಿಗೆ ಬರೋದಿಲ್ಲ. ಚೂರುಚೂರಾಗಿ ದಿನವಿಡೀ, ರಾತ್ರಿಯಿಡೀ ಹರಡಿಕೊಂಡಿರುತ್ತೆ.

ವಯಸ್ಸಿನ ಮಾತು ಬರೋದು ಇಲ್ಲೇ. ತಡವಾಗಿ ಅಪ್ಪ ಅಮ್ಮ ಆದವರ ಬಗ್ಗೆ ಮಾತಾಡುವಾಗ ಎಲ್ಲರೂ 'ಶಕ್ತಿ ಸಾಲದು' ಅಂತಾರೆ. ನನಗೆ ಹಾಗನ್ನಿಸೋದಿಲ್ಲ. ಹಗಲಿಡೀ ದುಡಿಯೋ ಕಸುವು ನಲವತ್ತೈದರಲ್ಲೂ ಇರುತ್ತೆ. ಕಡಿಮೆಯಾಗಿರೋದು ಚೇತರಿಸಿಕೊಳ್ಳೋ ವೇಗ. ವಯಸ್ಸಾದಂತೆ ಗಾಢ ನಿದ್ದೆಯ ಪಾಲು ಇಳಿಯುತ್ತೆ, ಒಮ್ಮೆ ಎಚ್ಚರವಾದ್ರೆ ಮತ್ತೆ ನಿದ್ದೆ ಹತ್ತೋದು ತಡ. ಇಪ್ಪತ್ತೆಂಟರ ತಾಯಿ ಮೂರು ಸಲ ಎದ್ದು ಮೂರು ಸಲವೂ ಥಟ್ಟನೆ ಮಲಗಬಹುದು. ನೀವು ಅದೇ ಮೂರು ಸಲ ಎದ್ದು, ಪ್ರತಿ ಸಲವೂ ಅರ್ಧ ಗಂಟೆ ಸೂರು ನೋಡ್ತಾ ಬಿದ್ದಿರ್ತೀರಿ. ಅದಕ್ಕೇ ನನ್ನ ವಾದ ಇದು: ಈ ಮನೆಗಳಲ್ಲಿ ವೇಳಾಪಟ್ಟಿ ಹಾಕುವಾಗ ಮೊದಲು ಬರೀಬೇಕಾದ್ದು ದೊಡ್ಡವರ ನಿದ್ದೆ. ಒಬ್ಬೊಬ್ಬರಿಗೂ ಮುರಿಯದ ಐದು ಗಂಟೆ. ಉಳಿದದ್ದೆಲ್ಲ ಅದರ ಸುತ್ತ ಹೊಂದಿಸಿಕೊಳ್ಳಬೇಕು.

ಅಂದಹಾಗೆ, ತಡವಾದ ಬಸಿರಿಗೂ ಅವಳಿ ಮಕ್ಕಳಿಗೂ ಇರೋ ನಂಟು ಕಾಕತಾಳೀಯ ಅಲ್ಲ. ಮೂವತ್ತರ ಕೊನೆಯ ವರ್ಷಗಳಲ್ಲಿ ಅಂಡಾಶಯವನ್ನ ಚುರುಕುಗೊಳಿಸೋ ಎಫ್‌ಎಸ್‌ಎಚ್ ಹಾರ್ಮೋನ್ ಏರುತ್ತೆ, ಒಂದೇ ತಿಂಗಳಲ್ಲಿ ಎರಡು ಅಂಡ ಬಿಡುಗಡೆಯಾಗೋ ಸಾಧ್ಯತೆ ಹೆಚ್ಚುತ್ತೆ. ಐವಿಎಫ್‌ನಲ್ಲಿ ಎರಡು ಭ್ರೂಣ ಇಟ್ಟರೆ ಇನ್ನೂ ಹೆಚ್ಚು. ಹಾಗಾಗಿ 'ಈ ವಯಸ್ಸಲ್ಲಿ ಅವಳಿನಾ?' ಅಂತ ಹುಬ್ಬೇರಿಸೋರಿಗೆ ಒಂದು ಉತ್ತರ: ಈ ವಯಸ್ಸಾಗಿದ್ದಕ್ಕೇ ಅವಳಿ.

ಸರಿ, ಐದು ಗಂಟೆ ಎಲ್ಲಿಂದ ತರೋದು? ಮೊದಲು ಎರಡೂ ಮಕ್ಕಳ ಗಡಿಯಾರ ಒಂದಾಗಬೇಕು. ಒಂದು ಹಸಿದು ಎದ್ದಾಗ ಇನ್ನೊಂದನ್ನೂ ಎಬ್ಬಿಸಿ. ಹತ್ತು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ ಅಂತರ ಸಾಕು. ಮಲಗಿರೋ ಮಗುವನ್ನ ಎಬ್ಬಿಸಬಾರದು ಅಂತ ದೊಡ್ಡವರು ಗದರಬಹುದು. ಗದರಲಿ. ಎರಡನ್ನೂ ಒಟ್ಟಿಗೆ ಮುಗಿಸಿದ್ರೆ ಒಂದು ಸಲಕ್ಕೆ 50 ನಿಮಿಷ ಹಿಡಿದರೂ 8 ಸಲಕ್ಕೆ 400 ನಿಮಿಷ. ಅಂದ್ರೆ 240 ನಿಮಿಷ, ದಿನಕ್ಕೆ ನಾಲ್ಕು ಗಂಟೆ ನಿಮ್ಮ ಕೈಗೆ ವಾಪಸ್ ಬಂತು.

ಎದೆಹಾಲು ಕುಡಿಸೋರು ಒಟ್ಟಿಗೆ ಕುಡಿಸೋಕೆ ಆತುರಪಡಬೇಡಿ. ಎರಡೂ ಮಕ್ಕಳು ಬೇರೆಬೇರೆಯಾಗಿ ಸರಿಯಾಗಿ ಬಾಯಿ ಹಚ್ಚೋದು ಕಲಿತ ಮೇಲೇ ಜೋಡಿ. ಅಗಲ ದಿಂಬನ್ನ ಸೊಂಟದ ಸುತ್ತ ಇಟ್ಟು, ಮಕ್ಕಳ ತಲೆ ನಿಮ್ಮ ಎದೆಯ ಮುಂದೆ, ಕಾಲು ನಿಮ್ಮ ಬೆನ್ನಿನ ಕಡೆ ಬರೋ ಹಾಗೆ ಕಂಕುಳ ಕೆಳಗೆ ಒಂದೊಂದನ್ನ ಹಿಡಿಯಿರಿ. ಸಿಸೇರಿಯನ್ ಹೊಲಿಗೆ ಮೇಲೆ ಭಾರ ಬೀಳದೇ ಇರೋದು ಇದರ ದೊಡ್ಡ ಅನುಕೂಲ. ಹಾಲು ಇಳಿಯೋಕೆ ಮೂರು ದಿನಕ್ಕಿಂತ ಹೆಚ್ಚಾದ್ರೆ ತಕ್ಷಣ ವಯಸ್ಸಿಗೆ ದೂರು ಹಾಕಬೇಡಿ. ಸಿಸೇರಿಯನ್, ಅವಧಿಗೆ ಮುಂಚಿನ ಹೆರಿಗೆ, ಹೆಚ್ಚು ರಕ್ತ ಹೋಗಿದ್ದು, ಸಕ್ಕರೆ ಕಾಯಿಲೆ ಇವೆಲ್ಲ ಹಾಲನ್ನ ತಡ ಮಾಡ್ತವೆ. ಮಕ್ಕಳಿಗೆ ಸಾಕಾಗ್ತಿದೆಯಾ ಅನ್ನೋದಕ್ಕೆ ಅಳು ಸರಿಯಾದ ಅಳತೆ ಅಲ್ಲ. ಐದನೇ ದಿನದ ನಂತರ ಒಂದೊಂದು ಮಗುವೂ ದಿನಕ್ಕೆ ಕನಿಷ್ಠ 6 ಡೈಪರ್ ಒದ್ದೆ ಮಾಡಬೇಕು, ಸುಮಾರು ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ವಾಪಸ್ ಬರಬೇಕು. ಇಬ್ಬರನ್ನೂ ಬೇರೆಬೇರೆ ಲೆಕ್ಕ ಇಡಿ. 'ಒಟ್ಟು 12 ಡೈಪರ್ ಆಯ್ತು' ಅಂತ ಸಮಾಧಾನ ಪಟ್ಟುಕೊಂಡ್ರೆ, ಒಂದು ಮಗು 9, ಇನ್ನೊಂದು ಬರೀ 3 ಮಾಡಿರೋದು ಗೊತ್ತೇ ಆಗೋದಿಲ್ಲ.

ಇನ್ನು ಪಾಳಿ. ರಾತ್ರಿ ಎಂಟೂವರೆಯಿಂದ ಒಂದೂವರೆ ಒಬ್ಬರು, ಒಂದೂವರೆಯಿಂದ ಆರೂವರೆ ಇನ್ನೊಬ್ಬರು. ಮಲಗೋ ಸರದಿ ಇದ್ದವರು ಬೇರೆ ಕೋಣೆಯಲ್ಲಿ, ಕಿವಿಗೆ ಪ್ಲಗ್ ಹಾಕಿಕೊಂಡು ಮಲಗಲಿ. ಅದೇ ಕೋಣೆಯಲ್ಲಿ ಮಲಗಿದ್ರೆ ಪ್ರತಿ ಕುಂಯ್ ಅನ್ನೋ ಸದ್ದಿಗೂ ಎಚ್ಚರ ಆಗುತ್ತೆ, ಆಮೇಲೆ ಪಾಳಿ ಬರೀ ಹೆಸರಿಗೆ. ಬಹಳ ಮನೆಗಳಲ್ಲಿ ಪಾಳಿ ಮುರಿಯೋದು 'ಇವತ್ತೊಂದು ದಿನ ಇಬ್ಬರೂ ಏಳೋಣ' ಅನ್ನೋ ಒಳ್ಳೆ ಮನಸ್ಸಿಂದ. ಮರುದಿನ ಇಬ್ಬರೂ ಅರೆಪ್ರಜ್ಞೆಯಲ್ಲಿ ಇರ್ತಾರೆ. ಎದೆಹಾಲಿನ ತಾಯಿಗೆ ಒಂದು ತಿದ್ದುಪಡಿ: ಮೊದಲ ಆರು ವಾರ ಐದು ಗಂಟೆಗಿಂತ ಹೆಚ್ಚು ಬಿಡುವು ಕೊಟ್ಟರೆ ಹಾಲು ಇಳಿಮುಖ ಆಗಬಹುದು. ಮಲಗೋ ಮುಂಚೆ ಒಂದು ಸಲ, ಎದ್ದ ಕೂಡಲೇ ಒಂದು ಸಲ ಕುಡಿಸಿ ಅಥವಾ ಪಂಪ್ ಮಾಡಿ. ತೆಗೆದ ಹಾಲು ಕೋಣೆ ತಾಪಮಾನದಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ ಇರುತ್ತೆ.

ಒಬ್ಬರೇ ಸಾಕ್ತಿರೋರಿಗೆ ಪಾಳಿ ಹಂಚೋಕೆ ಯಾರೂ ಇಲ್ಲ. ಅವರಿಗೆ ನನ್ನ ಸಲಹೆ ಕಟುವಾಗಿದೆ: ಎರಡನೇ ಅಲಂಕಾರದ ತೊಟ್ಟಿಲು, ಜೋಡಿ ಬಟ್ಟೆ, ಆಟಿಕೆ ಎಲ್ಲ ಬಿಟ್ಟು ಆ ದುಡ್ಡಲ್ಲಿ ವಾರಕ್ಕೆ ಎರಡು ರಾತ್ರಿ ಸಂಬಳದ ಸಹಾಯ ಕೊಳ್ಳಿ. ಮಕ್ಕಳಿಗೆ ಬೇಕಾದ್ದು ಗಟ್ಟಿ, ಸಮತಟ್ಟಾದ ಹಾಸಿಗೆಯ ಎರಡು ಸರಳ ತೊಟ್ಟಿಲು. ಒಂದರಲ್ಲೇ ಇಬ್ಬರನ್ನ ಮಲಗಿಸಿದ ಫೋಟೊ ಚೆಂದ ಇರುತ್ತೆ, ಆದ್ರೆ ಬೇರೆಬೇರೆ ಜಾಗ, ಅಂಗಾತ, ದಿಂಬು ಹೊದಿಕೆ ಏನೂ ಇಲ್ಲದೇ ಮಲಗಿಸೋದೇ ಸುರಕ್ಷಿತ. ಅರೆನಿದ್ದೆಯ ದೊಡ್ಡವರಿಗೆ ಮನೆಯಲ್ಲಿ ಅತಿ ಅಪಾಯದ ಜಾಗ ಸೋಫಾ. ಮಗುವನ್ನ ಎದೆ ಮೇಲೆ ಹಾಕಿಕೊಂಡು ಅಲ್ಲಿ ತೂಕಡಿಸಿದ್ರೆ ಅದು ದಿಂಬಿನ ಸಂದಿಗೆ ಜಾರಿ ಉಸಿರುಗಟ್ಟಬಹುದು. ರಾತ್ರಿ ಹಾಲು ಕುಡಿಸೋ ಜಾಗ ಸೋಫಾ ಆಗಿರಬಾರದು, ಅಷ್ಟೇ.

ಸಹಾಯ ಮಾಡೋಕೆ ಬಂದವರು ಮಗು ಎತ್ತಿಕೊಳ್ಳೋಕೆ ಕೈ ಚಾಚ್ತಾರೆ. ಅವರಿಗೆ ಬಾಟಲ್ ಬುಟ್ಟಿ ಕೊಡಿ. ಮುಜುಗರ ಬೇಡ. ಅಜ್ಜ ಅಜ್ಜಿ ವಿಷಯ ಸೂಕ್ಷ್ಮ. ನಿಮಗೆ ನಲವತ್ತೈದಾಗಿದ್ರೆ ಅವರಿಗೆ ಎಪ್ಪತ್ತು, ಎಪ್ಪತ್ತೈದು. ರಾತ್ರಿ ಎದ್ದು, ಅರೆಗತ್ತಲಲ್ಲಿ ಮಗು ಎತ್ತಿಕೊಂಡು ನಡೆಯೋದು ಅವರ ಕೆಲಸ ಆಗಬಾರದು. ಹಗಲಲ್ಲಿ ಕೈಯಿರೋ ಕುರ್ಚಿಯಲ್ಲಿ ಕೂರಿಸಿ, ಒಂದು ಮಗುವನ್ನ ಅವರ ತೋಳಿಗೆ ಕೊಡಿ, ಅಷ್ಟರಲ್ಲಿ ಇನ್ನೊಂದಕ್ಕೆ ಸ್ನಾನ ಮುಗಿಸಿ. ಸ್ನಾನ ದಿನಾ ಬೇಕಿಲ್ಲ, ವಾರಕ್ಕೆ ಎರಡು ಮೂರು ಸಲ ಸಾಕು, ಒಂದು ದಿನಕ್ಕೆ ಒಂದು ಮಗು.

ಪುಡಿ ಹಾಲು (ಶಿಶುಗಳಿಗೆಂದೇ ಮಾಡಿದ ಫಾರ್ಮುಲಾ) ಕೊಡೋರು ರಾತ್ರಿ ಎರಡು ಗಂಟೆಗೆ ಚಮಚ ಎಣಿಸೋ ಕೆಲಸ ಇಟ್ಟುಕೊಳ್ಳಬೇಡಿ. ಎಣಿಕೆ ತಪ್ಪೋದು ಆಗಲೇ. ಪುಡಿ ಹೆಚ್ಚಾದ್ರೆ ಮಲ ಗಟ್ಟಿಯಾಗುತ್ತೆ, ದೇಹದ ನೀರು ಕಡಿಮೆಯಾಗುತ್ತೆ. ನೀರು ಹೆಚ್ಚಾದ್ರೆ ತೂಕ ಏರೋದಿಲ್ಲ. ಪುಡಿಯಲ್ಲಿ ರೋಗಾಣು ಇರೋ ಸಾಧ್ಯತೆ ಇರೋದ್ರಿಂದ ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗೆ ಇಳಿಯೋ ಮುಂಚೆ ಬೆರೆಸಬೇಕು. ಮೊದಲು ನೀರು ಅಳೆದು ಹಾಕಿ, ಆಮೇಲೆ ಪುಡಿ. ಸಂಜೆಯೇ ರಾತ್ರಿಗೆ ಬೇಕಾದಷ್ಟು ಮಾಡಿ, ಬೇಗ ತಣ್ಣಗಾಗಿಸಿ, ಫ್ರಿಜ್‌ನ ಒಳಭಾಗದಲ್ಲಿ ಇಡಿ, ಬಾಗಿಲಲ್ಲಿ ಬೇಡ. 24 ಗಂಟೆಯೊಳಗೆ ಮುಗಿಸಿ. ಬಿಸಿ ಮಾಡೋಕೆ ಬಿಸಿನೀರಿನ ಪಾತ್ರೆ ಸಾಕು. ಮೈಕ್ರೋವೇವ್‌ನಲ್ಲಿ ಒಂದು ಕಡೆ ಸುಡುತ್ತೆ, ಇನ್ನೊಂದು ಕಡೆ ತಣ್ಣಗಿರುತ್ತೆ. ಮಗು ಬಾಯಿ ಹಚ್ಚಿ ಒಂದು ಗಂಟೆಯಾದ ಮೇಲೆ ಉಳಿದದ್ದನ್ನ ಚೆಲ್ಲಿ. ಅದನ್ನ ಇನ್ನೊಂದು ಮಗುವಿಗೆ ದಾಟಿಸಬೇಡಿ.

ಈಗ ಯಾರೂ ಹೇಳದ ಒಂದು ವಿಷಯ: ಓದೋ ಕನ್ನಡಕ. ನಲವತ್ತು ದಾಟಿದ ಮೇಲೆ ಹತ್ತಿರದ ಅಕ್ಷರ ಮಸುಕಾಗೋದು ಸಹಜ. ಔಷಧದ ಸಿರಿಂಜ್ ಮೇಲಿನ ಗೆರೆಗಳೋ ಕೂದಲೆಳೆಯಷ್ಟು. ಮಂದ ಬೆಳಕಲ್ಲಿ 0.4 ಮತ್ತು 0.8 ಒಂದೇ ಥರ ಕಾಣುತ್ತೆ. ಔಷಧ ಇರೋ ಜಾಗದಲ್ಲೇ ಒಂದು ಜೊತೆ ಕನ್ನಡಕ, ಒಂದು ಚಿಕ್ಕ ಟಾರ್ಚ್ ಕಟ್ಟಿ ಇಡಿ. ವಿಟಮಿನ್ ಡಿ ಹನಿ ದಿನಕ್ಕೆ 400 ಐಯು ಅಂತ ಬರೆದುಕೊಟ್ಟಿರ್ತಾರೆ; ಕೆಲವು ಬಾಟಲಿಯಲ್ಲಿ ಅದು 1 ಎಂಎಲ್‌ನಲ್ಲಿ ಇರುತ್ತೆ, ಕೆಲವುದರಲ್ಲಿ ಒಂದೇ ಹನಿಯಲ್ಲಿ. ಬಾಟಲ್ ಬದಲಾದಾಗ ಲೇಬಲ್ ಮತ್ತೆ ಓದಿ. ಅವಳಿ ಮನೆಯ ಖಾಸಾ ತಪ್ಪು ಅಂದ್ರೆ ಒಂದೇ ಮಗುವಿಗೆ ಎರಡು ಸಲ ಔಷಧ, ಇನ್ನೊಂದಕ್ಕೆ ಸೊನ್ನೆ. ಬಟ್ಟೆ ಬಣ್ಣದ ಗುರುತು ನಂಬಬೇಡಿ, ರಾತ್ರಿ ಬಟ್ಟೆ ಬದಲಾಗುತ್ತೆ. ಒಂದು ಮಗುವಿನ ಕಾಲಿನ ಹೆಬ್ಬೆರಳಿಗೆ ಉಗುರುಬಣ್ಣ ಹಚ್ಚಿ, ಅದು ಅಳಿಯೋ ಮುಂಚೆ ಮತ್ತೆ ಹಚ್ಚಿ. ಅದೇ ಬಣ್ಣದ ಪಟ್ಟಿ ಅದರ ಸಿರಿಂಜಿಗೂ ಇರಲಿ. ತೊಟ್ಟಿಲ ಪಕ್ಕ ಗೋಡೆಗೆ ಎರಡು ಕಾಲಮ್ಮಿನ ಕಾಗದ: ಹಾಲಿನ ಹೊತ್ತು, ಪ್ರಮಾಣ, ಡೈಪರ್, ಔಷಧ, ಕೊಟ್ಟವರ ಹೆಸರು. ಔಷಧ ಬಾಯಿಗೆ ಹೋದ ಕ್ಷಣ ಬರೀಬೇಕು, 'ಆಮೇಲೆ' ಅಲ್ಲ. ಫೋನ್ ಆ್ಯಪ್ ಒಳ್ಳೇದೇ, ಆದ್ರೆ ಅದು ಒಬ್ಬರ ಜೇಬಲ್ಲಿ ಇರುತ್ತೆ. ಗೋಡೆ ಎಲ್ಲರಿಗೂ ಕಾಣುತ್ತೆ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದ್ರೆ ಕಾಗದದಲ್ಲಿ ಬರೆದು ಕೂರೋದಲ್ಲ, ಆಗಲೇ ಡಾಕ್ಟರ್ ಹತ್ತಿರ ಹೋಗೋದು.

ನಿಮ್ಮ ಮೈ. ನಲವತ್ತು ದಾಟಿದ ಬಸಿರು, ಅದರಲ್ಲೂ ಅವಳಿ, ಬಿಪಿ ತೊಂದರೆಗೆ ಎರಡು ಕಡೆಯಿಂದ ಕಾರಣ. ಹೆರಿಗೆಯಾದ ಮೇಲೆ ಮುಗಿದುಹೋಯ್ತು ಅಂದುಕೊಳ್ಳೋದು ತಪ್ಪು. ಸಾಮಾನ್ಯವಾಗಿ ಮೂರರಿಂದ ಆರನೇ ದಿನದೊಳಗೆ ಬಿಪಿ ಏರೋದು ಹೆಚ್ಚು, ಅಷ್ಟೊತ್ತಿಗೆ ಆಸ್ಪತ್ರೆಯಿಂದ ಮನೆಗೆ ಬಂದಿರ್ತೀರಿ. ಮನೇಲೊಂದು ಬಿಪಿ ಮಾಪಕ ಇರಲಿ. 140/90 ಮತ್ತೆ ಮತ್ತೆ ಬಂದ್ರೆ ಫೋನ್ ಮಾಡಿ. 160/110 ಬಂದ್ರೆ ಆಸ್ಪತ್ರೆಗೆ ಹೊರಡಿ. ತೀವ್ರ ತಲೆನೋವು, ಕಣ್ಣ ಮುಂದೆ ಮಿಂಚು, ಬಲ ಪಕ್ಕೆಲುಬಿನ ಕೆಳಗೆ ನೋವು, ಉಸಿರು ಕಟ್ಟೋದು ಇವನ್ನ 'ನಿದ್ದೆಗೆಟ್ಟ ಸುಸ್ತು' ಅಂತ ತಳ್ಳಿಹಾಕಬೇಡಿ. ಬಸಿರಲ್ಲಿ ಸಕ್ಕರೆ ಇತ್ತು ಅಂದ್ರೆ ಹೆರಿಗೆಯಾಗಿ 4ರಿಂದ 12 ವಾರದೊಳಗೆ ಪರೀಕ್ಷೆ ಆಗಬೇಕು. ಅವಳಿ ತಾಯಂದಿರು ಸುಲಭವಾಗಿ ತಪ್ಪಿಸಿಕೊಳ್ಳೋ ಪರೀಕ್ಷೆ ಇದು. ಮಕ್ಕಳ ಲಸಿಕೆ ದಿನವೇ ಇದನ್ನೂ ಮುಗಿಸೋಕೆ ನೋಡಿ.

ಮಕ್ಕಳ ಕಂಕುಳಿಗೆ ಹೆಬ್ಬೆರಳು ಅಗಲಿಸಿ ಕೈ ಹಾಕಿ ಎತ್ತಿ ಎತ್ತಿ ಮಣಿಕಟ್ಟಿನ ಹೆಬ್ಬೆರಳ ಬದಿ ಊದಿಕೊಳ್ಳುತ್ತೆ. ಅಂಗೈ ಮೇಲೆ ಮಾಡಿ, ಕುಂಡಿ ಮತ್ತು ಕತ್ತಿನ ಕೆಳಗೆ ತೂರಿಸಿ ಎತ್ತಿ. ಡೈಪರ್ ಬದಲಿಸೋ ಮೇಜು ಸೊಂಟದ ಎತ್ತರಕ್ಕಿರಲಿ. ದಿನಕ್ಕೆ 16ರಿಂದ 20 ಸಲ ನೆಲಕ್ಕೆ ಬಗ್ಗೋ ಬೆನ್ನು ತಿಂಗಳೊಳಗೆ ದೂರು ಕೊಡುತ್ತೆ. ಮೆಟ್ಟಿಲ ಮೇಲೆ ಒಂದು ಸಲಕ್ಕೆ ಒಂದೇ ಮಗು, ಒಂದು ಕೈ ಕಂಬಿ ಮೇಲೆ.

ಅವಳಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಕ್ಕಳು 37 ವಾರಕ್ಕೆ ಮುಂಚೆ ಹುಟ್ತಾರೆ. 34 ವಾರಕ್ಕೆ ಹುಟ್ಟಿದ್ರೆ ಆರು ವಾರ ಕಳೆಯಬೇಕು: ನಾಲ್ಕು ತಿಂಗಳಾಗಿದ್ರೂ ಬೆಳವಣಿಗೆ ನೋಡೋವಾಗ ಎರಡೂವರೆ ತಿಂಗಳ ಮಗು. ಎರಡು ವರ್ಷದ ತನಕ ಹೀಗೇ ಲೆಕ್ಕ. ಲಸಿಕೆಗೆ ಮಾತ್ರ ಹುಟ್ಟಿದ ದಿನದ ಲೆಕ್ಕ, ಅಲ್ಲಿ ಕಳೆಯೋ ಹಾಗಿಲ್ಲ.

ಕೊನೇದು ಕಾಗದಪತ್ರ. ಇದನ್ನ ಎಲ್ಲರೂ ಮುಂದಕ್ಕೆ ಹಾಕ್ತಾರೆ, ನಲವತ್ತೈದರಲ್ಲಿ ಹಾಕೋ ಹಾಗಿಲ್ಲ. ಮಕ್ಕಳಿಗೆ 18 ತುಂಬುವಾಗ ನಿಮಗೆ 63, ಎರಡು ಕಾಲೇಜು ಶುಲ್ಕ ಒಂದೇ ವರ್ಷ. ಜೀವವಿಮೆಯ ಅವಧಿ ನಿಮ್ಮ ನಿವೃತ್ತಿಗೆ ನಿಲ್ಲದೆ ಮಕ್ಕಳ ಇಪ್ಪತ್ತೆರಡು ಇಪ್ಪತ್ತಮೂರರ ತನಕ ಬರಬೇಕು. ನಿಮ್ಮ ನಂತರ ಸಾಕೋರು ಯಾರು ಅಂದಾಗ ಮೊದಲು ಬಾಯಿಗೆ ಬರೋದು ನಿಮ್ಮ ಅಪ್ಪ ಅಮ್ಮನ ಹೆಸರು; ಅವರ ವಯಸ್ಸು ಎಣಿಸಿ, ಬೇರೆ ಹೆಸರು ಬರೀರಿ. ಬರೆಯೋ ಮುಂಚೆ ಆ ವ್ಯಕ್ತಿಯನ್ನ ನೇರ ಕೇಳಿ: ಇಬ್ಬರನ್ನೂ ಒಟ್ಟಿಗೇ ಇಟ್ಟುಕೊಳ್ತೀರಾ? ಉಯಿಲಲ್ಲೂ ಅದನ್ನೇ ಬರೆಸಿ. ಸಾಕ್ಷಿ ಹಾಕೋರು ನಿಮಗಿಂತ ಚಿಕ್ಕವರಾಗಿರಲಿ.