ಮಂಡಿಗೆ ಸ್ಟೆಮ್ ಸೆಲ್: ಮೊದಲು ಗ್ರೇಡ್ ಕೇಳಿ

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಮೂಳೆ ಮತ್ತು ಕೀಲಿನ ಡಾಕ್ಟರು. ಮಂಡಿನೋವಿಗೆ ಮಂಡಿ ಬದಲಿಸುವ ಆಪರೇಷನ್ ಬದಲು ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಥರದ ಕೋಶವಾಗಿ ಬೆಳೆಯಬಲ್ಲ ಮೂಲಕೋಶ, ಹಾಕಿಸಬಹುದಾ ಅನ್ನೋದು ಇವತ್ತಿನ ವಿಷಯ. ಈ ಪ್ರಶ್ನೆ ಈಗ ದಿನಾ ಬರುತ್ತದೆ. ತಾಯಿ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳುತ್ತಾರೆ, "ಡಾಕ್ಟ್ರೇ, ಆಪರೇಷನ್ ಮಾತ್ರ ಬೇಡ." ಜೊತೆಗೆ ಬಂದ ಮಗ ಮೊಬೈಲ್ ಮುಂದೆ ಹಿಡಿಯುತ್ತಾನೆ. ಅದರಲ್ಲಿ ಯಾರೋ ಒಬ್ಬರು ಇಂಜೆಕ್ಷನ್ ಹಾಕಿಸಿಕೊಂಡು ಸರಸರ ಮೆಟ್ಟಿಲು ಹತ್ತುತ್ತಿರುತ್ತಾರೆ. ಖರ್ಚು ಎಷ್ಟು, ಎಷ್ಟು ದಿನ ಬೇಕು, ಎಲ್ಲ ವಿಚಾರಿಸಿಕೊಂಡೇ ಬಂದಿರುತ್ತಾರೆ. ನಾನು ಕೇಳುವುದು ಒಂದೇ. "ಅಮ್ಮನ ಮಂಡಿ ಎಷ್ಟನೇ ಗ್ರೇಡ್?" ಅದಕ್ಕೆ ಮಾತ್ರ ಉತ್ತರ ಇರುವುದಿಲ್ಲ.

ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ನನ್ನ ಮಾತಿನಲ್ಲಿ ಬೇರೇನೂ ನೆನಪಿರದಿದ್ದರೂ ಪರವಾಗಿಲ್ಲ, ಇಷ್ಟು ನೆನಪಿರಲಿ. ಸ್ಟೆಮ್ ಸೆಲ್ ಬಗ್ಗೆ ಯೋಚನೆ ಮಾಡುವ ಮೊದಲು ಗ್ರೇಡ್ ಕೇಳಿ.

ಗ್ರೇಡ್ ಅಂದರೇನು? ಮಂಡಿಯಲ್ಲಿ ತೊಡೆಯ ಮೂಳೆ ಮತ್ತು ಕೆಳಗಾಲಿನ ಮೂಳೆ ಸೇರುತ್ತವೆ. ಎರಡರ ತುದಿಗೂ ಕೆಲವೇ ಮಿಲಿಮೀಟರ್ ದಪ್ಪದ ನುಣುಪಾದ ಒಂದು ಪದರ ಇರುತ್ತದೆ. ಅದೇ ಮೃದ್ವಸ್ಥಿ, ನಾವು ಕಾರ್ಟಿಲೇಜ್ ಅನ್ನುತ್ತೇವೆ. ಈ ಪದರದಲ್ಲಿ ರಕ್ತನಾಳ ಇಲ್ಲ, ನರವೂ ಇಲ್ಲ. ರಕ್ತ ಹರಿಯದ ಜಾಗಕ್ಕೆ ಪೆಟ್ಟಾದರೆ ಅದು ತಾನಾಗಿ ಮಾಯುವುದು ಬಹಳ ಕಷ್ಟ. ನರ ಇಲ್ಲದ ಕಾರಣ ಸವೆಯಲು ಶುರುವಾದಾಗ ನೋವೂ ತಿಳಿಯುವುದಿಲ್ಲ. ನೋವು ಅಂತ ನೀವು ನಮ್ಮ ಹತ್ತಿರ ಬರುವಷ್ಟರಲ್ಲಿ ಕೀಲಿನ ಒಳಪೊರೆ ಊದಿರುತ್ತದೆ, ಕೆಳಗಿನ ಮೂಳೆಗೂ ತೊಂದರೆ ಮುಟ್ಟಿರುತ್ತದೆ.

ಈ ಸವಕಳಿಯನ್ನು ಎಕ್ಸ್‌ರೇ ನೋಡಿ ಅಳೆಯುವ ಪದ್ಧತಿಯೊಂದು 1957ರಿಂದ ಇದೆ. ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ಇಬ್ಬರು ಇಂಗ್ಲೆಂಡಿನಲ್ಲಿ ಮಾಡಿದ್ದು. ಗ್ರೇಡ್ 1 ಅಂದರೆ ಬರೀ ಅನುಮಾನ. 2ರಲ್ಲಿ ಮೂಳೆಯ ಅಂಚಿಗೆ ಸಣ್ಣ ಮುಳ್ಳಿನಂಥ ಬೆಳವಣಿಗೆ ಸ್ಪಷ್ಟವಾಗಿ ಕಾಣುತ್ತದೆ. 3ರಲ್ಲಿ ಎರಡು ಮೂಳೆಗಳ ನಡುವಿನ ಸಂದು ಕಿರಿದಾಗಿರುತ್ತದೆ. 4ರಲ್ಲಿ ಸಂದು ಹೆಚ್ಚುಕಡಿಮೆ ಹೋಗೇಬಿಟ್ಟಿರುತ್ತದೆ, ಮೂಳೆಯ ಆಕಾರವೂ ಕೆಟ್ಟಿರುತ್ತದೆ. ಕಾಲು ಸೊಟ್ಟಗಾಗಿರುವುದು ಹೊರಗಿನಿಂದಲೇ ಗೊತ್ತಾಗುತ್ತದೆ.

ಇಲ್ಲಿ ಒಂದು ವಿಷಯ ದಯವಿಟ್ಟು ಗಮನಿಸಿ. ಎಕ್ಸ್‌ರೇ ನಿಂತು ತೆಗೆಸಬೇಕು. ಎಷ್ಟೋ ಜನ ಮಲಗಿಸಿ ತೆಗೆದ ಫಿಲ್ಮ್ ತರುತ್ತಾರೆ. ಅದನ್ನು ನೋಡಿ ಗ್ರೇಡ್ ಹೇಳಲು ಆಗುವುದಿಲ್ಲ. ಮಲಗಿದಾಗ ಮಂಡಿಯ ಮೇಲೆ ಭಾರವೇ ಇಲ್ಲವಲ್ಲ. ನಾನು ಎರಡು ಫಿಲ್ಮ್‌ಗಳನ್ನು ಲೈಟ್ ಬಾಕ್ಸಿಗೆ ಪಕ್ಕಪಕ್ಕ ಸಿಕ್ಕಿಸಿ ತೋರಿಸುತ್ತೇನೆ. ಮಲಗಿಸಿ ತೆಗೆದದ್ದರಲ್ಲಿ ಎರಡು ಬಿಳಿ ಮೂಳೆಗಳ ನಡುವೆ ಕಪ್ಪು ಗೆರೆ ಅಗಲವಾಗಿ, ಆರಾಮಾಗಿ ಕಾಣುತ್ತದೆ. ನಿಲ್ಲಿಸಿ ತೆಗೆದದ್ದರಲ್ಲಿ ಒಳಬದಿಗೆ ಆ ಗೆರೆಯೇ ಇಲ್ಲ, ಬಿಳಿಗೆ ಬಿಳಿ ತಾಗಿದೆ. ಅದೇ ಕಾಲು, ಅದೇ ದಿನ. ಒಂದು ಫಿಲ್ಮ್ ನೋಡಿದರೆ ಇಂಜೆಕ್ಷನ್ ಸಾಕು ಅನ್ನಿಸುತ್ತದೆ, ಇನ್ನೊಂದು ನೋಡಿದರೆ ಇಂಜೆಕ್ಷನ್ ಕಾಲ ಮುಗಿದಿದೆ ಅಂತ ಗೊತ್ತಾಗುತ್ತದೆ.

ಈಗ ಸ್ಟೆಮ್ ಸೆಲ್‌ಗೆ ಬರೋಣ. ಗದ್ದೆಗೆ ಬೀಜ ಬಿತ್ತಿದ ಹಾಗೆ ಸ್ಟೆಮ್ ಸೆಲ್ ಹಾಕಿದರೆ ಮೃದ್ವಸ್ಥಿ ಹೊಸದಾಗಿ ಬೆಳೆದು ನಿಲ್ಲುತ್ತದೆ ಅಂತ ಜನ ತಿಳಿದುಕೊಂಡಿದ್ದಾರೆ. ಹಾಗೆ ಹೇಳಿ ಮಾರುವವರೂ ಇದ್ದಾರೆ. ಅದು ನಿಜವಲ್ಲ. ಮಂಡಿಗೆ ಹಾಕಿದ ಈ ಕೋಶಗಳು ಒಂದಿಷ್ಟು ರಾಸಾಯನಿಕಗಳನ್ನು ಹೊರಬಿಡುತ್ತವೆ. ಅವು ಊತ ಇಳಿಸುತ್ತವೆ, ನೋವು ತಗ್ಗಿಸುತ್ತವೆ. ಮುಖ್ಯವಾಗಿ ಅವುಗಳ ಕೆಲಸ ಇದು. ಗ್ರೇಡ್ 4ರ ಮಂಡಿಯಲ್ಲಿ ಪದರವೇ ಉಳಿದಿಲ್ಲ, ಮೂಳೆಗೆ ಮೂಳೆ ಉಜ್ಜುತ್ತಿದೆ, ಕಾಲು ಬಾಗಿದೆ. ಅಲ್ಲಿ ಊತ ಇಳಿಸಿ ಏನು ಪ್ರಯೋಜನ? ಬಾಗಿದ ಕಾಲನ್ನು ಯಾವ ಇಂಜೆಕ್ಷನ್ನೂ ನೆಟ್ಟಗೆ ಮಾಡುವುದಿಲ್ಲ.

ಹಾಗಂತ ಇದೆಲ್ಲ ಬರೀ ಮೋಸ ಅಂತ ನಾನು ಹೇಳುತ್ತಿಲ್ಲ. ನಮ್ಮ ಬೆಂಗಳೂರಿನಲ್ಲೇ ಒಳ್ಳೆಯ ಕೆಲಸ ಆಗಿದೆ, ನನಗೆ ಅದರ ಬಗ್ಗೆ ನಿಜಕ್ಕೂ ಹೆಮ್ಮೆ ಇದೆ. ಸ್ಟೆಂಪ್ಯೂಟಿಕ್ಸ್ ಎಂಬ ಸಂಸ್ಥೆ ಆರೋಗ್ಯವಂತ ದಾನಿಗಳ ಅಸ್ಥಿಮಜ್ಜೆಯಿಂದ ಕೋಶ ತೆಗೆದು, ಲ್ಯಾಬಿನಲ್ಲಿ ಬೆಳೆಸಿ, ಮಂಡಿಗೆ ಹಾಕುವ ಔಷಧ ಮಾಡಿದೆ. 146 ರೋಗಿಗಳ ಮೇಲೆ ಮೂರನೇ ಹಂತದ ಪರೀಕ್ಷೆ ಆಯಿತು. ಕೆಲವರಿಗೆ ನಿಜವಾದ ಔಷಧ, ಉಳಿದವರಿಗೆ ಔಷಧ ಇಲ್ಲದ ಇಂಜೆಕ್ಷನ್. ಒಂದು ವರ್ಷದ ಹೊತ್ತಿಗೆ ಔಷಧ ಪಡೆದವರಿಗೆ ನೋವು ಕಡಿಮೆ ಇತ್ತು, ಓಡಾಟ ಸುಧಾರಿಸಿತ್ತು. 2022ರಲ್ಲಿ ದೇಶದ ಔಷಧ ನಿಯಂತ್ರಕರು ಒಪ್ಪಿಗೆ ಕೊಟ್ಟರು. ಯಾರಿಗೆ? ಗ್ರೇಡ್ 2 ಮತ್ತು 3ರವರಿಗೆ. ನಾಲ್ಕಕ್ಕೆ ಅಲ್ಲ. ಔಷಧ ಮಾಡಿದವರೇ ನಾಲ್ಕಕ್ಕೆ ಕೊಡಿ ಅನ್ನುತ್ತಿಲ್ಲ. ಅದಕ್ಕೇ ನಾನು ಬಡಕೊಳ್ಳುವುದು, ಮೊದಲು ಗ್ರೇಡ್ ಕೇಳಿ ಅಂತ.

ಇಷ್ಟು ಹೇಳಿದರೂ ಒಂದು ಮಾತು ಬಂದೇ ಬರುತ್ತದೆ. "ನಮ್ಮ ಪಕ್ಕದ ಮನೆಯವರಿಗೆ ನಾಲ್ಕನೇ ಗ್ರೇಡ್ ಇತ್ತು ಡಾಕ್ಟ್ರೇ. ಇಂಜೆಕ್ಷನ್ ಆದ ಮೇಲೆ ಚೆನ್ನಾಗಿ ಓಡಾಡ್ತಿದ್ದಾರೆ." ಇರಬಹುದು. ಅವರು ಸುಳ್ಳು ಹೇಳುತ್ತಿಲ್ಲ. ಇದಕ್ಕೆ ಉತ್ತರವಾಗಿ ನಾನು ಯಾವಾಗಲೂ ಹೇಳುವ ಒಂದು ಪ್ರಸಂಗ ಇದೆ. ಸ್ವಲ್ಪ ದೊಡ್ಡದು, ಆದರೆ ಕೇಳಲೇಬೇಕಾದದ್ದು.

ಅಮೆರಿಕದ ಹ್ಯೂಸ್ಟನ್‌ನಲ್ಲಿ ಬ್ರೂಸ್ ಮೋಸ್ಲಿ ಅಂತ ಒಬ್ಬ ಮೂಳೆ ಸರ್ಜನ್. ದೊಡ್ಡ ಹೆಸರು, ಅಲ್ಲಿನ ಪ್ರಸಿದ್ಧ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಡಾಕ್ಟರಾಗಿದ್ದವರು. ಆ ಕಾಲದಲ್ಲಿ ಸವೆದ ಮಂಡಿಗೆ ಒಂದು ಆಪರೇಷನ್ ಬಹಳ ನಡೆಯುತ್ತಿತ್ತು. ಸಣ್ಣ ತೂತು ಮಾಡಿ, ದುರ್ಬೀನು ಇಳಿಸಿ, ಒಳಗೆಲ್ಲ ನೀರು ಹಾಯಿಸಿ ತೊಳೆಯುವುದು, ಸಡಿಲವಾದ ಚೂರುಗಳನ್ನು ಕೆರೆದು ತೆಗೆಯುವುದು. ಆದವರು ನೋವು ಹೋಯಿತು ಅನ್ನುತ್ತಿದ್ದರು. ತೊಳೆದದ್ದರಿಂದ ಹೋಯಿತಾ, ಕೆರೆದದ್ದರಿಂದ ಹೋಯಿತಾ, ಅಥವಾ ಆಪರೇಷನ್ ಆಯಿತು ಅನ್ನುವ ಭಾವನೆಯಿಂದಲೇ ಹೋಯಿತಾ? ಇದನ್ನು ಕಂಡುಹಿಡಿಯಬೇಕು ಅಂತ ಹೊರಟರು.

180 ರೋಗಿಗಳು ಒಪ್ಪಿದರು. ನನಗೆ ಸುಳ್ಳು ಆಪರೇಷನ್ನೇ ಆಗಬಹುದು, ಅದರಿಂದ ನನ್ನ ಮಂಡಿಗೆ ಗುಣ ಸಿಗದೆ ಇರಬಹುದು ಅಂತ ಪ್ರತಿಯೊಬ್ಬರೂ ತಮ್ಮ ಕೈಯಾರೆ ಬರೆದುಕೊಟ್ಟರು. ಎಂಥ ದೊಡ್ಡ ಮನಸ್ಸು ನೋಡಿ! ರೋಗಿಯನ್ನು ಥಿಯೇಟರಿಗೆ ಕರೆತಂದ ಮೇಲೆ ಸರ್ಜನ್ ಕೈಗೆ ಒಂದು ಮುಚ್ಚಿದ ಲಕೋಟೆ. ಅದನ್ನು ಒಡೆದಾಗಲೇ ಅವರಿಗೂ ಗೊತ್ತಾಗುವುದು. ಕೆರೆಯುವುದಾ, ಬರೀ ತೊಳೆಯುವುದಾ, ಅಥವಾ ಏನೂ ಮಾಡದೆ ಇರುವುದಾ.

ಏನೂ ಮಾಡಬಾರದ ಲಕೋಟೆ ಬಂದರೆ ಏನು ಮಾಡುತ್ತಿದ್ದರು ಗೊತ್ತಾ? ರೋಗಿಗೆ ಮಂಪರು ಬರುವ ಔಷಧ ಕೊಡುತ್ತಿದ್ದರು. ಮಂಡಿಯ ಮೇಲೆ ಚರ್ಮವನ್ನಷ್ಟೇ ಮೂರು ಕಡೆ ಒಂದೊಂದು ಸೆಂಟಿಮೀಟರ್ ಕೊಯ್ಯುತ್ತಿದ್ದರು. ಆಮೇಲೆ ಸರ್ಜನ್ ಎಂದಿನ ಹಾಗೆ ಒಂದೊಂದೇ ಸಲಕರಣೆ ಕೇಳಿ ತೆಗೆದುಕೊಳ್ಳುತ್ತಿದ್ದರು. ಕಾಲನ್ನು ಆಚೀಚೆ ತಿರುಗಿಸುತ್ತಿದ್ದರು. ಮಂಡಿ ತೊಳೆಯುವ ಸದ್ದು ಕೇಳಲಿ ಅಂತ ನೀರು ಚಿಮುಕಿಸುತ್ತಿದ್ದರು. ನಿಜವಾದ ಆಪರೇಷನ್‌ಗೆ ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ಒಳಗೆ ಇಟ್ಟುಕೊಳ್ಳುತ್ತಿದ್ದರು. ಆ ರಾತ್ರಿ ಆಸ್ಪತ್ರೆಯಲ್ಲೇ. ವಾರ್ಡಿನ ನರ್ಸ್‌ಗಳಿಗೂ ಯಾರಿಗೆ ಏನಾಗಿದೆ ಅಂತ ಗೊತ್ತಿಲ್ಲ.

ಎರಡು ವರ್ಷ ಎಲ್ಲರನ್ನೂ ನೋಡಿಕೊಂಡು ಬಂದರು. 2002ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೂರು ಗುಂಪಿನಲ್ಲೂ ವ್ಯತ್ಯಾಸವೇ ಇಲ್ಲ! ಕೆರೆಸಿಕೊಂಡವರು, ತೊಳೆಸಿಕೊಂಡವರು, ಚರ್ಮವಷ್ಟೇ ಕೊಯ್ಸಿಕೊಂಡವರು, ಎಲ್ಲರ ನೋವೂ ಒಂದೇ ಥರ. ಲಕ್ಷಾಂತರ ಜನರಿಗೆ ಮಾಡುತ್ತಿದ್ದ ಆಪರೇಷನ್ ಅದು. ಓದಿ ನಮ್ಮ ಕ್ಷೇತ್ರವೇ ಬೆಚ್ಚಿಬಿತ್ತು.

ಇದನ್ನು ಯಾಕೆ ಇಷ್ಟು ಉದ್ದಕ್ಕೆ ಹೇಳಿದೆ? ಮಂಡಿನೋವು ಏರುತ್ತದೆ, ಇಳಿಯುತ್ತದೆ. ನೋವು ತೀರಾ ಜಾಸ್ತಿಯಾದಾಗಲೇ ನಾವು ದುಡ್ಡು ಕೊಟ್ಟು ಚಿಕಿತ್ಸೆಗೆ ಹೋಗುವುದು. ಏನೂ ಮಾಡದೆ ಇದ್ದಿದ್ದರೂ ಸ್ವಲ್ಪ ಇಳಿಯುತ್ತಿತ್ತೋ ಏನೋ. ಹಾಗಾಗಿ ಪಕ್ಕದ ಮನೆಯವರ ಮಾತಾಗಲಿ, ಮೊಬೈಲಿನ ವಿಡಿಯೋ ಆಗಲಿ ಸಾಕ್ಷಿ ಅಲ್ಲ. ಹೋಲಿಸಿ ನೋಡಿದ ಪರೀಕ್ಷೆಯೇ ಸಾಕ್ಷಿ. ಬೆಂಗಳೂರಿನ ಔಷಧವನ್ನು ಹಾಗೆ ಹೋಲಿಸಿ ನೋಡಿದ್ದಾರೆ. ಅಮೆರಿಕದಲ್ಲೂ ಹೋಲಿಸಿದ್ದಾರೆ. 2023ರಲ್ಲಿ ಪ್ರಕಟವಾದದ್ದು, 475 ಜನರ ಮೇಲೆ. ಸೊಂಟದ ಮೂಳೆಯ ಮಜ್ಜೆಯಿಂದ ತೆಗೆದ ಕೋಶ, ಕೊಬ್ಬಿನಿಂದ ತೆಗೆದ ಕೋಶ, ಹೊಕ್ಕುಳಬಳ್ಳಿಯ ಕೋಶ, ಈ ಮೂರನ್ನೂ ನಾವು ದಿನಾ ಕೊಡುವ ಅಗ್ಗದ ಸ್ಟೀರಾಯ್ಡ್ ಇಂಜೆಕ್ಷನ್ ಜೊತೆ ಇಟ್ಟು ನೋಡಿದರು. ಒಂದು ವರ್ಷ ಆದ ಮೇಲೆ ಮೂರರಲ್ಲಿ ಒಂದೂ ಸ್ಟೀರಾಯ್ಡ್‌ಗಿಂತ ಮೇಲೆ ಅಂತ ಕಾಣಲಿಲ್ಲ. ಅಂದರೆ ಸ್ಟೆಮ್ ಸೆಲ್ ಅಂತ ಬೋರ್ಡ್ ಹಾಕಿದ್ದೆಲ್ಲ ಒಂದೇ ಅಲ್ಲ.

ನನಗೆ ಕೊಟ್ಟ ಸಮಯದಲ್ಲಿ ಇನ್ನು ಸ್ವಲ್ಪವೇ ಉಳಿದಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಕೈಯಿಂದ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಮಂಡಿಗೆ ಹಾಕಿದರೆ ಅದು ಪಿಆರ್‌ಪಿ. ಅದರಲ್ಲಿ ಇರುವುದು ಪ್ಲೇಟ್‌ಲೆಟ್. ಸ್ಟೆಮ್ ಸೆಲ್ ಅಲ್ಲವೇ ಅಲ್ಲ. ಸ್ಟೆಮ್ ಸೆಲ್ ರೇಟು ಹೇಳಿ ಪಿಆರ್‌ಪಿ ಹಾಕಿದರೆ ಎದ್ದು ಬನ್ನಿ. ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಲ್ಯಾಬಿನಲ್ಲಿ ಬೆಳೆಸದೆ ಹಾಗೇ ಮಂಡಿಗೆ ಹಾಕುವುದಾದರೆ ಅದರಲ್ಲಿ ನಿಜವಾದ ಸ್ಟೆಮ್ ಸೆಲ್ ತೀರಾ ಕಡಿಮೆ, ಹತ್ತು ಸಾವಿರ ಕೋಶಕ್ಕೆ ಒಂದು ಸಿಕ್ಕರೆ ಹೆಚ್ಚು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಇದೆ. ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿ ಬಿಟ್ಟರೆ, ಒಪ್ಪಿಗೆ ಸಿಗದ ಬೇರೆಲ್ಲ ಸ್ಟೆಮ್ ಸೆಲ್ ಚಿಕಿತ್ಸೆಯೂ ಇನ್ನೂ ಪ್ರಯೋಗ ಅಂತಲೇ ಲೆಕ್ಕ. ಪ್ರಯೋಗ ಅಂದ ಮೇಲೆ ಅದು ನೋಂದಣಿ ಆಗಿರಬೇಕು, ನಿಮ್ಮಿಂದ ದುಡ್ಡು ತೆಗೆದುಕೊಳ್ಳಬಾರದು. ಹಾಗಾಗಿ ಡಾಕ್ಟರನ್ನು ನೇರವಾಗಿ ಕೇಳಿ. "ಈ ಔಷಧಕ್ಕೆ ಸರ್ಕಾರದ ಒಪ್ಪಿಗೆ ಇದೆಯಾ? ನನ್ನ ಗ್ರೇಡ್‌ಗೆ ಇದೆಯಾ?" ಕೇಳಲು ಸಂಕೋಚ ಬೇಡ. ಕೇಳಿದ್ದಕ್ಕೆ ಸಿಟ್ಟು ಮಾಡಿಕೊಳ್ಳುವ ಡಾಕ್ಟರು ನಿಮಗೆ ಬೇಡ.

ಗ್ರೇಡ್ 4 ಅಂತ ಬಂದರೆ, ರಾತ್ರಿ ನಿದ್ದೆ ಕೆಡುತ್ತಿದ್ದರೆ, ಮನೆಯಿಂದ ಹೊರಗೆ ಹೋಗುವುದೇ ನಿಂತಿದ್ದರೆ, ಆಪರೇಷನ್‌ಗೆ ಹೆದರಬೇಡಿ. ಹಾಕಿದ ಕೃತಕ ಮಂಡಿಗಳಲ್ಲಿ ನೂರಕ್ಕೆ ಸುಮಾರು 82 ಇಪ್ಪತ್ತೈದು ವರ್ಷ ಬಾಳುತ್ತವೆ ಅಂತ 2019ರಲ್ಲಿ ದೊಡ್ಡ ಲೆಕ್ಕವೊಂದು ಬಂದಿದೆ. ಒಳಗೆ ಕೂರಿಸುವ ಇಂಪ್ಲಾಂಟಿನ ಬೆಲೆಗೂ 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಿತಿ ಹಾಕಿತು. ಸಾಮಾನ್ಯವಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಇಂಪ್ಲಾಂಟಿಗೆ ಆಗ ಗೊತ್ತು ಮಾಡಿದ್ದು 54,720 ರೂಪಾಯಿ, ಮೇಲೆ ತೆರಿಗೆ. ಹತ್ತಾರು ಸಾವಿರ ಕೊಟ್ಟು ಒಂದಾದ ಮೇಲೊಂದು ಇಂಜೆಕ್ಷನ್ ಹಾಕಿಸಿಕೊಂಡು, ಎರಡು ವರ್ಷ ಒದ್ದಾಡಿ, ಕೊನೆಗೆ ಕಾಲು ಇನ್ನಷ್ಟು ಸೊಟ್ಟಗಾದ ಮೇಲೆ ಬರುವವರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ವಯಸ್ಸು ಕಡಿಮೆ ಇದ್ದು, ಒಳಬದಿ ಮಾತ್ರ ಸವೆದಿದ್ದರೆ ಮೂಳೆ ಕತ್ತರಿಸಿ ಕಾಲು ನೇರ ಮಾಡುವ ಬೇರೆ ಆಪರೇಷನ್ನೂ ಇದೆ. ಅದನ್ನೂ ಕೇಳಿ ತಿಳಿದುಕೊಳ್ಳಿ.

ಗ್ರೇಡ್ 2, 3ರವರು ಮೊದಲು ತೂಕ ಇಳಿಸಿ. ನೀವು ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಸುಮಾರು ನಾಲ್ಕು ಕೆಜಿ ಭಾರ ಇಳಿಯುತ್ತದೆ. ಜೊತೆಗೆ ತೊಡೆಯ ವ್ಯಾಯಾಮ. ಅದನ್ನು ಈಗಲೇ ಹೇಳಿಕೊಡುತ್ತೇನೆ. ಚಾಪೆಯ ಮೇಲೆ ಅಂಗಾತ ಮಲಗಿ. ಒಂದು ಕಾಲು ಮಡಚಿ, ಪಾದ ನೆಲಕ್ಕೆ ಊರಿ. ಇನ್ನೊಂದನ್ನು ನೇರ ಇಟ್ಟುಕೊಂಡು, ತೊಡೆ ಬಿಗಿ ಮಾಡಿ, ಮಂಡಿ ಬಗ್ಗಿಸದೆ ಒಂದು ಅಡಿ ಮೇಲಕ್ಕೆ ಎತ್ತಿ. ಐದು ಎಣಿಸಿ. ನಿಧಾನಕ್ಕೆ ಇಳಿಸಿ, ದೊಪ್ಪನೆ ಬಿಡಬೇಡಿ. ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ, ಎರಡೂ ಕಾಲಿಗೆ. ಆಪರೇಷನ್ ತಾರೀಖು ಗೊತ್ತಾಗಿರುವವರೂ ಇವತ್ತಿನಿಂದಲೇ ಶುರು ಮಾಡಿ. ತೊಡೆ ಗಟ್ಟಿಯಿದ್ದರೆ ಆಪರೇಷನ್ ಆದ ಮೇಲೆ ಎದ್ದು ನಡೆಯುವುದು ಸುಲಭ. ನಮಸ್ಕಾರ.