ಎದೆಯ ಲೆಕ್ಕ ಆಮೇಲೆ, ಮೊದಲು ಹೆಗಲು

ನಮಸ್ಕಾರ. ಹಾರ್ಮೋನ್ ತಗೊಳ್ಳದೆ, ಸರ್ಜರಿ ಮಾಡಿಸದೆ, ಗಂಡಸಾಗಿ ಓಡಾಡಿಕೊಂಡಿರುವ ಟ್ರಾನ್ಸ್ ಮ್ಯಾನ್‌ಗಳಿಗಾಗಿ, ಅಂದರೆ ಹುಟ್ಟಿದಾಗ ಹೆಣ್ಣು ಅಂತ ಬರೆಸಿಕೊಂಡರೂ ತಾವು ಗಂಡಸರು ಅಂತ ಗುರುತಿಸಿಕೊಂಡೋರಿಗಾಗಿ, ಇವತ್ತಿನ ಮಾತು. ಯಾಕೆ ಮಾಡಿಸಿಲ್ಲ ಅಂತ ಕೇಳೋ ಹಕ್ಕು ಯಾರಿಗೂ ಇಲ್ಲ. ದುಡ್ಡಿರಲಿಕ್ಕಿಲ್ಲ, ಅಪ್ಪ-ಅಮ್ಮನ ಮನೆಯಲ್ಲೇ ಇರಬಹುದು, ಬೇರೆ ಕಾಯಿಲೆ ಇರಬಹುದು, ಮುಂದೆ ಮಗು ಹೆರುವ ಆಸೆ ಇರಬಹುದು. ಸುಮ್ಮನೆ ಬೇಡ ಅನ್ನಿಸಿದ್ದರೆ ಅದೂ ಸಾಕು. ಲಿಂಗ ಗುರುತಿಸಿಕೊಳ್ಳೋದಕ್ಕೆ ಸರ್ಜರಿ ಮಾಡಿಸಲೇಬೇಕು ಅಂತ ಒತ್ತಾಯಿಸೋದು ಅನೈತಿಕ, ಕಾನೂನುಬಾಹಿರ ಅಂತ ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ತೀರ್ಪಿನಲ್ಲಿ ಹೇಳಿತ್ತು. ಐದು ವರ್ಷ ಆದಮೇಲೆ ಬಂದ 2019ರ ಟ್ರಾನ್ಸ್‌ಜೆಂಡರ್ ಹಕ್ಕುಗಳ ಕಾಯ್ದೆ, ಗುರುತಿನ ಪ್ರಮಾಣಪತ್ರದಲ್ಲಿ ‘ಗಂಡು’ ಅಂತ ಬರೆಸಬೇಕಾದರೆ ಸರ್ಜರಿ ಆಗಿರಬೇಕು ಅಂತ 7ನೇ ಸೆಕ್ಷನ್‌ನಲ್ಲಿ ಕೇಳಿತು. ಕೋರ್ಟು ಒಂದು ಹೇಳಿದರೆ ಕಾಯ್ದೆ ಇನ್ನೊಂದು. ಆ ಜಗಳ ಇನ್ನೊಂದು ಎಪಿಸೋಡಿಗೆ ಇರಲಿ. ಇವತ್ತು ಬಟ್ಟೆ, ಕೂದಲು, ದನಿ, ಬಸ್ಸು, ಟಾಯ್ಲೆಟ್ಟು.

ನನ್ನ ತಕರಾರು ಒಂದೇ. ಈ ವಿಷಯದಲ್ಲಿ ಸಲಹೆ ಕೊಡೋರೆಲ್ಲ ಎದೆಯಿಂದ ಶುರು ಮಾಡ್ತಾರೆ. ಹುಡುಗರು ಇರೋ ದುಡ್ಡನ್ನೆಲ್ಲ ಬೈಂಡರಿಗೆ (ಎದೆ ಚಪ್ಪಟೆ ಕಾಣೋ ಹಾಗೆ ಒತ್ತಿ ಹಿಡಿಯೋ ಬಿಗಿ ಒಳಅಂಗಿ) ಸುರಿದು, ಪಕ್ಕೆಲುಬು ನೋಯಿಸಿಕೊಂಡು, ತಲೆಗೂದಲು ಮಾತ್ರ ‘ಲೇಡೀಸ್ ಬಾಯ್‌ಕಟ್’ನಲ್ಲೇ ಬಿಟ್ಟಿರ್ತಾರೆ. ಇಪ್ಪತ್ತಡಿ ದೂರದಿಂದ ಬರೋ ಮನುಷ್ಯನನ್ನ ಅಣ್ಣ ಅನ್ನಬೇಕೋ ಅಕ್ಕ ಅನ್ನಬೇಕೋ ಅಂತ ಅಂಗಡಿಯವನು ತೀರ್ಮಾನ ಮಾಡೋದು ತಲೆ, ಹೆಗಲು, ಸೊಂಟದ ಗೆರೆ, ಕಾಲಲ್ಲಿರೋ ಚಪ್ಪಲಿ ನೋಡಿ. ಎದೆ ಕಡೆ ಕಣ್ಣು ಹೋಗೋದು ಆಮೇಲೆ. ಹಾಗಾಗಿ ದುಡ್ಡನ್ನೂ ಅದೇ ಕ್ರಮದಲ್ಲಿ ಖರ್ಚು ಮಾಡಿ.

ಕಟಿಂಗ್ ಶಾಪಿಗೆ ಹೋದಾಗ ‘ಶಾರ್ಟ್ ಮಾಡಿ’ ಅಂತ ಮಾತ್ರ ಹೇಳಿದರೆ ಕೆಟ್ಟಿತು. ಮುಖ ನೋಡಿ ಹುಡುಗಿ ಅಂದುಕೊಂಡವನು ಕಿವಿ ಮುಂದೆ ಚೂಪಾದ ಎಳೆ ಬಿಡ್ತಾನೆ, ಕತ್ತಿನ ಹಿಂದೆ ಮೆತ್ತಗೆ ಇಳಿಸ್ತಾನೆ. ನೀವು ಹೇಳಬೇಕಾದ್ದು: ಪಕ್ಕಕ್ಕೂ ಹಿಂದಕ್ಕೂ ಮೆಷಿನ್ ನಂಬರ್ 3, ಮೇಲೆ ಕತ್ತರಿ, ಸೈಡ್‌ಲಾಕ್ ಅಡ್ಡಕ್ಕೆ ನೇರ, ಹಿಂದೆ ಚೌಕ. ಮೊದಲ ಸಲಕ್ಕೆ ನಂಬರ್ 1 ಬೇಡ, ತಲೆ ಚಿಕ್ಕದಾಗಿ ಕಂಡು ಕುತ್ತಿಗೆ ಇನ್ನೂ ಸಣ್ಣಗೆ ಕಾಣುತ್ತೆ. ಹುಬ್ಬಿಗೆ ಥ್ರೆಡ್ಡಿಂಗ್ ನಿಲ್ಲಿಸಿ, ತಾನಾಗೇ ತುಂಬಿಕೊಳ್ಳಲಿ. ಕಿವಿಯ ತೂತಿಗೆ ತಲೆ ಕೆಡಿಸಿಕೊಳ್ಳಬೇಡಿ, ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಗಂಡುಮಕ್ಕಳಿಗೂ ಕಿವಿ ಚುಚ್ಚಿಸ್ತಾರೆ. ಮೂಗಿನ ತೂತು ಮಾತ್ರ ಹಾಗಲ್ಲ, ಬೊಟ್ಟು ತೆಗೆದು ಎಷ್ಟೋ ತಿಂಗಳಾದರೂ ಗುರುತು ಉಳಿಯುತ್ತೆ.

ಈಗ ಅಂಗಿ. ಹೆಗಲ ಹೊಲಿಗೆ ಮೂಳೆ ಮುಗಿಯೋ ಜಾಗದಲ್ಲಿ ಕೂರಬೇಕು. ಅರ್ಧ ಇಂಚು ಹೊರಗೆ ಬಂದರೆ ಒಳ್ಳೆಯದೇ, ಹೆಗಲು ಅಗಲ ಕಾಣುತ್ತೆ. ಒಂದು ಇಂಚು ದಾಟಿದರೆ ಯಾರದ್ದೋ ಅಂಗಿ ಹಾಕಿಕೊಂಡ ಹಾಗಿರುತ್ತೆ. ಅರ್ಧ ತೋಳಾದರೆ ಮೊಣಕೈಗೆ ಎರಡು ಇಂಚು ಮೇಲಿನವರೆಗೂ ಬರಲಿ. ಅಂಗಿಯ ಕೆಳ ಅಂಚು ಸೊಂಟದ ಅತಿ ಅಗಲವಾದ ಜಾಗಕ್ಕೇ ನಿಂತರೆ ನೋಡೋರ ಕಣ್ಣೂ ಅಲ್ಲೇ ನಿಲ್ಲುತ್ತೆ. ಅದಕ್ಕಿಂತ ಎರಡು ಇಂಚು ಕೆಳಗಿಳಿಸಿ. ಬಟ್ಟೆ ಸ್ವಲ್ಪ ಗಡುಸಾಗಿರಲಿ. ಖಾದಿ, ದಪ್ಪ ಹತ್ತಿ, ಡೆನಿಮ್ ಮೈಗೆ ಅಂಟಲ್ಲ. ರೇಯಾನ್ ಅಂಟುತ್ತೆ, ಎಲ್ಲವನ್ನೂ ಹೇಳಿಬಿಡುತ್ತೆ. ಎದೆ ಮೇಲೆ ಎರಡು ಜೇಬಿದ್ದರೆ ಉಬ್ಬು ಅಲ್ಲೇ ಮುಚ್ಚಿಹೋಗುತ್ತೆ. ಟೈಲರ್ ಹತ್ತಿರ ಹೊಲಿಸೋದಾದರೆ ಸೈಡ್ ಶೇಪ್ ಬೇಡ, ಡಾರ್ಟ್ (ಮೈಗೆ ಕೂರಲಿ ಅಂತ ಹಿಡಿಸೋ ಚೂಪು ಮಡಿಕೆ) ಬೇಡ, ನೇರ ಹೊಲಿಯಿರಿ ಅಂತ ಬಾಯಿಬಿಟ್ಟು ಹೇಳಿ. ಗುಂಡಿ ಬಲಗಡೆ, ಕಾಜ ಎಡಗಡೆ. ಲೇಡೀಸ್ ಟೈಲರ್ ಆದರೆ ಅಭ್ಯಾಸಬಲದಿಂದ ಉಲ್ಟಾ ಇಡೋ ಸಾಧ್ಯತೆ ಇದೆ.

ಪ್ಯಾಂಟಲ್ಲಿ ಎಲ್ಲರೂ ಎಡವೋದು ಒಂದೇ ಕಡೆ. ಸೊಂಟದ ಅಳತೆಗೆ ಸರಿಯಾಗೋ ಗಂಡಸರ ಪ್ಯಾಂಟು ಕೆಳಗೆ ಬಿಗಿಯುತ್ತೆ, ಜೇಬು ಬಾಯಿ ತೆರೆದು ನಿಲ್ಲುತ್ತೆ. ಕೆಳಗಿನ ಅಗಲಕ್ಕೆ ಸರಿಹೋಗೋ ಸೈಜು ತಗೊಂಡು, ಸೊಂಟವನ್ನ ಹಿಂದಿನ ಹೊಲಿಗೆಯಲ್ಲಿ ಹಿಡಿಸಿ. ಸ್ಲಿಮ್ ಫಿಟ್ ಬೇಡ, ಸ್ಟ್ರೇಟ್ ಫಿಟ್ ಸಾಕು. ಇನ್ನು ಪಂಚೆ, ಲುಂಗಿ. ಇವುಗಳ ಬಗ್ಗೆ ವಿದೇಶಿ ವಿಡಿಯೋಗಳಲ್ಲಿ ಯಾರೂ ಹೇಳಲ್ಲ, ಆದರೆ ಸಣ್ಣ ಸೊಂಟದವರಿಗೆ ಇದಕ್ಕಿಂತ ಒಳ್ಳೆ ಉಡುಪಿಲ್ಲ. ಸುತ್ತಿದ ಬಟ್ಟೆ ಸೊಂಟದ ಹತ್ತಿರ ದಪ್ಪ ಕೂತು, ಮೇಲೂ ಕೆಳಗೂ ಒಂದೇ ಅಗಲ ಬರುತ್ತೆ. ಚಪ್ಪಲಿ ಗಂಡಸರ ಸೈಜಲ್ಲಿ ಸಿಗದಿದ್ದರೆ ದೊಡ್ಡ ಹುಡುಗರ ವಿಭಾಗದಲ್ಲಿ 4, 5 ಹುಡುಕಿ, ಬೆಲೆಯೂ ಕಡಿಮೆ.

ಇಷ್ಟಾದ ಮೇಲೆ ಎದೆ. ಕ್ರೇಪ್ ಬ್ಯಾಂಡೇಜ್ ಸುತ್ತಬೇಡಿ. ಉಳುಕಿದ ಕಾಲಿಗೆ ಅಂತ ಮಾಡಿದ ಪಟ್ಟಿ ಅದು. ನೀವು ಅಲುಗಾಡಿದ ಹಾಗೆಲ್ಲ ಜಾರಿ ಬಿಗಿಯುತ್ತಾ ಹೋಗುತ್ತೆ, ಉಸಿರೆಳೆದಾಗ ಪಕ್ಕೆಲುಬಿಗೆ ಅಗಲವಾಗೋಕೆ ಜಾಗ ಕೊಡಲ್ಲ. ಪ್ಯಾಕಿಂಗ್ ಟೇಪಂತೂ ಚರ್ಮವನ್ನೇ ಕಿತ್ತುಕೊಂಡು ಬರುತ್ತೆ. ಬೈಂಡರ್ ತಗೊಳ್ಳೋವಾಗ ಎದೆಯ ಅತಿ ಉಬ್ಬಿದ ಜಾಗದ ಸುತ್ತ ಒಂದು ಅಳತೆ, ಅದರ ಕೆಳಗೆ ಒಂದು, ಹೆಗಲಿಂದ ಹೆಗಲಿಗೆ ಒಂದು ತಗೊಳ್ಳಿ. ಎರಡು ಸೈಜಿನ ನಡುವೆ ಬಂದರೆ ದೊಡ್ಡದು. ಚಿಕ್ಕದು ತಗೊಂಡರೆ ಹೆಚ್ಚು ಚಪ್ಪಟೆ ಆಗುತ್ತೆ ಅನ್ನೋದು ಸುಳ್ಳು, ಮಾಂಸ ಕಂಕುಳ ಕಡೆ ಉಕ್ಕಿ ಇನ್ನೂ ಎದ್ದು ಕಾಣುತ್ತೆ. ಹಾಕಿಕೊಂಡ ಮೇಲೆ ಕೈ ಒಳಗೆ ಬಿಟ್ಟು ಎರಡೂ ಕಡೆಯದನ್ನ ಕೆಳಕ್ಕೆ, ಹೊರಕ್ಕೆ ಸರಿಸಿ. ನಡುವೆ ಒತ್ತಿಕೊಂಡರೆ ಒಂದೇ ಗುಡ್ಡೆ ಆಗುತ್ತೆ.

ಮೊದಲ ವಾರ ದಿನಕ್ಕೆ ಎರಡು-ಮೂರು ಗಂಟೆ. ಆಮೇಲೂ ಎಂಟು ಗಂಟೆ ದಾಟಬೇಡಿ. ಹಾಕಿಕೊಂಡು ಮಲಗಬೇಡಿ, ಜಿಮ್‌ಗೆ ಹೋಗಬೇಡಿ. ಕಫ ಕಟ್ಟಿದ ದಿನ ಮನೆಯಲ್ಲೇ ಬಿಡಿ. ಆಸ್ತಮಾ ಇರೋರು ಡಾಕ್ಟರನ್ನ ಕೇಳದೆ ಶುರು ಮಾಡಬಾರದು. ಸಂಜೆ ತೆಗೆದಮೇಲೆ ಉದ್ದಕ್ಕೆ ಉಸಿರೆಳೆದು ಎರಡು ಸಲ ಕೆಮ್ಮಿ. ಕೈ ಜೋಮು ಹಿಡಿದರೆ, ಪಕ್ಕೆಲುಬು ಚುಚ್ಚಿದರೆ, ಉಸಿರು ಅರ್ಧಕ್ಕೆ ನಿಂತರೆ ಆಗಲೇ ತೆಗೀಬೇಕು, ಮೀಟಿಂಗ್ ಮುಗೀಲಿ ಅಂತ ಕಾಯೋದಲ್ಲ. ಎರಡು ಬೈಂಡರ್ ಒಂದರ ಮೇಲೊಂದು ಹಾಕೋದು ಶುದ್ಧ ಹುಚ್ಚು.

ಕಲಬುರಗಿ, ರಾಯಚೂರಿನ ಬೇಸಿಗೆಗೂ ಮಂಗಳೂರಿನ ಬೆವರಿಗೂ ಬೇರೆ ಲೆಕ್ಕ. ಒಳಗೆ ತೆಳು ಹತ್ತಿ ಬನಿಯನ್ ಇರಲಿ, ಇಲ್ಲದಿದ್ದರೆ ಕೆಳಮಡಿಕೆಯಲ್ಲಿ ಬೆವರು ನಿಂತು ಹುಳುಕಡ್ಡಿ ಗ್ಯಾರಂಟಿ. ಏಪ್ರಿಲ್-ಮೇ ತಿಂಗಳಲ್ಲಿ ಒಂದು ಸ್ಪೋರ್ಟ್ಸ್ ಬ್ರಾ, ಮೇಲೆ ಕಪ್ಪು ಬನಿಯನ್, ಅದರ ಮೇಲೆ ಗುಂಡಿ ಬಿಚ್ಚಿದ ಚೆಕ್ಸ್ ಶರ್ಟು, ಅಷ್ಟೇ ಸಾಕು. ಎದೆ ಉಬ್ಬಿದ ಗಂಡಸರಿಗೆ ಅಂತಲೇ ಮಾರೋ ಗೈನೆಕೊಮಾಸ್ಟಿಯಾ ವೆಸ್ಟ್ ಕೂಡ ಚಿಕ್ಕ ಎದೆಯವರಿಗೆ ಆಗಿಬರುತ್ತೆ. ಆರ್ಡರ್ ಮಾಡಿದ ಪೊಟ್ಟಣ ಮನೆಯಲ್ಲಿ ಯಾರಾದರೂ ಬಿಚ್ಚಿದರೂ ಜಿಮ್ ಬನಿಯನ್ ಅಂದುಬಿಡಬಹುದು. ತಣ್ಣೀರಲ್ಲಿ ಕೈಯಲ್ಲೇ ಒಗೆದು ನೆರಳಲ್ಲಿ ಒಣಗಿಸಿ, ಬಿಸಿ ತಾಗಿದರೆ ಎಲಾಸ್ಟಿಕ್ ಸತ್ತುಹೋಗುತ್ತೆ.

ಆಟಗಾರರು ಸ್ನಾಯುಗೆ ಅಂಟಿಸಿಕೊಳ್ಳೋ ಕೈನೇಸಿಯಾಲಜಿ ಟೇಪು ಇನ್ನೊಂದು ದಾರಿ. ಮುಂದಿಂದ ಕಂಕುಳ ಕಡೆಗೆ ಎಳೆದು ಅಂಟಿಸಬೇಕು, ಬೆನ್ನು ಸುತ್ತಬಾರದು. ಮೊಲೆತೊಟ್ಟಿನ ಮೇಲೆ ಬಟ್ಟೆಯ ತುಂಡು ಇಟ್ಟಿರಬೇಕು. ಟೇಪಿನ ಎರಡೂ ತುದಿಯ ಎರಡೆರಡು ಇಂಚು ಎಳೆಯದೆ ಅಂಟಿಸಿ. ಬೊಬ್ಬೆ ಏಳೋದು ಹೆಚ್ಚಾಗಿ ತುದಿಯಲ್ಲಿ ಎಳೆತ ಇದ್ದಾಗ. ಹಿಂದಿನ ದಿನ ಒಂದು ತುಂಡನ್ನ ತೋಳಿಗೆ ಹಚ್ಚಿ ಕೆರೆಯುತ್ತಾ ನೋಡಿಕೊಳ್ಳಿ. ಬಿಡಿಸೋವಾಗ ಕೊಬ್ಬರಿ ಎಣ್ಣೆ ಸುರಿದು ಕಾಲು ಗಂಟೆ ಬಿಟ್ಟು, ಮೆಲ್ಲಗೆ ಸುರುಳಿ ಸುತ್ತುತ್ತಾ ಬನ್ನಿ.

ದನಿ. ಸಾಮಾನ್ಯವಾಗಿ ಗಂಡಸರ ಮಾತು 85ರಿಂದ 155 ಹರ್ಟ್ಸ್, ಹೆಂಗಸರದ್ದು 165ರಿಂದ 255. ಟೆಸ್ಟೋಸ್ಟಿರೋನ್ ಇಲ್ಲದೆ ಸ್ವರತಂತು ದಪ್ಪ ಆಗಲ್ಲ, ಹಾಗಾಗಿ ಗಂಟಲು ಒತ್ತಿ ಒತ್ತಿ ಕೆಳಗಿಳಿಸಿದರೆ ಸಂಜೆಗೆ ದನಿ ಕಟ್ಟಿಹೋಗುತ್ತೆ. ಬದಲಾಗೋದು ಅನುರಣನ, ಅಂದರೆ ದನಿ ಒಳಗೆ ಮೊಳಗೋ ರೀತಿ. ಆಕಳಿಸೋವಾಗ ಗಂಟಲು ಕೆಳಗಿಳಿಯುತ್ತಲ್ಲ, ಆ ಜಾಗ ನೆನಪಿಟ್ಟುಕೊಂಡು ‘ಮ್’ ಅಂತ ಗುನುಗಿ, ಎದೆ ಮೇಲೆ ಕೈ ಇಟ್ಟು ಅದುರುತ್ತಾ ನೋಡಿ. ದಿನಾ ಹತ್ತು ನಿಮಿಷ, ಮೇಲೆ ಐದು ನಿಮಿಷ ಪೇಪರ್ ಜೋರಾಗಿ ಓದಿ, ವಾಕ್ಯದ ಕೊನೆಯಲ್ಲಿ ರಾಗ ಏರಿಸದೆ. ಫೋನಲ್ಲಿ ಮಾತ್ರ ‘ಮೇಡಂ’ ಅನ್ನಿಸಿಕೊಳ್ಳೋರು ಬೇಜಾರಾಗಬೇಡಿ. ಹಳೇ ಮಾದರಿಯ ಕರೆ 300 ಹರ್ಟ್ಸ್‌ಗಿಂತ ಕೆಳಗಿನದನ್ನ ಸಾಗಿಸೋದೇ ಇಲ್ಲ. ಅಲ್ಲಿ ಹೆಸರನ್ನ ಮೊದಲೇ ಹೇಳಿಬಿಡಿ.

ಪ್ಯಾಕಿಂಗ್, ಅಂದರೆ ಪ್ಯಾಂಟಿನ ಮುಂದೆ ಗಂಡಸರ ಹಾಗೆ ಉಬ್ಬು ಕಾಣಲಿ ಅಂತ ಒಳಗೆ ಏನಾದರೂ ಇಟ್ಟುಕೊಳ್ಳೋದು, ಬೇಕೇಬೇಕು ಅಂತೇನಿಲ್ಲ. ಬೇಕು ಅನ್ನೋರು ಒಂದು ಕಾಲುಚೀಲ ಸುತ್ತಿ ಇನ್ನೊಂದರೊಳಗೆ ತುರುಕಿ, ಬ್ರೀಫ್ ಒಳಗೆ ಸಣ್ಣ ಜೇಬು ಹೊಲಿದು ಇಡಿ. ಸಡಿಲ ಬಾಕ್ಸರ್‌ನಲ್ಲಿ ತೊಡೆಗೆ ಜಾರುತ್ತೆ. ಪಿನ್ನು ಚುಚ್ಚಬೇಡಿ. ನಮ್ಮ ಮೆಟ್ರೋದಲ್ಲಿ ತಪಾಸಣೆಯವನ ಕೈಲಿರೋ ಮೆಟಲ್ ಡಿಟೆಕ್ಟರ್ ಸರಿಯಾಗಿ ಅದೇ ಜಾಗದಲ್ಲಿ ಕೂಗುತ್ತೆ. ಹುಕ್ಕು, ಜಿಪ್ಪು ಇಲ್ಲದ ಬೈಂಡರ್ ತಗೊಳ್ಳಿ ಅನ್ನೋದೂ ಅದಕ್ಕೇ.

ಗಂಡಸರ ಟಾಯ್ಲೆಟ್ಟಿನಲ್ಲಿ ಬಾಗಿಲಿರೋ ಕೋಣೆಗೆ ನೇರ ನಡೀರಿ, ಯಾರ ಮುಖವನ್ನೂ ನೋಡಬೇಡಿ, ಅಲ್ಲಿ ಯಾರೂ ನೋಡಲ್ಲ. ನಿಂತು ಮಾಡೋ ಸಿಲಿಕೋನ್ ಫನೆಲ್ ತಗೊಂಡಿದ್ದರೆ ಮೊದಲು ಮನೆ ಬಚ್ಚಲಲ್ಲಿ ಬಟ್ಟೆ ಇಲ್ಲದೆ ಅಭ್ಯಾಸ ಮಾಡಿ. ಸೋರೋದಕ್ಕೆ ಕಾರಣ ವೇಗ. ಫನೆಲ್ ಖಾಲಿ ಆಗೋದಕ್ಕಿಂತ ಬೇಗ ತುಂಬುತ್ತೆ. ತಡೆದು ತಡೆದು ಬಿಡಬೇಕು. ಮುಟ್ಟಿನ ದಿನಗಳಲ್ಲಿ ಗಂಡಸರ ಕಡೆ ಕಸದ ಬುಟ್ಟಿ ಇರಲ್ಲ ಅನ್ನೋದು ನೆನಪಿರಲಿ. ಜಿಪ್ ಇರೋ ಕಪ್ಪು ಕವರ್ ಒಂದು ಬ್ಯಾಗಲ್ಲಿರಲಿ. ಮುಟ್ಟಿನ ಕಪ್ ಹೊಂದುತ್ತೆ ಅನ್ನೋರಿಗೆ ಮನೆಯಿಂದ ಹೊರಟು ಮನೆ ಸೇರೋವರೆಗೂ ಚಿಂತೆ ಇಲ್ಲ.

ಕೊನೆಗೆ ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಸಾಮಾನ್ಯ ಸರ್ಕಾರಿ ಬಸ್ಸಲ್ಲಿ ಹೆಂಗಸರ ಜೊತೆಗೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಟಿಕೆಟ್ ಉಚಿತ. ಹಾಗಾಗಿ ನೀವು ಫ್ರೀಯಾಗಿ ಹೋದರೆ ಅದು ಮೋಸ ಅಲ್ಲ, ನಿಮ್ಮ ಹಕ್ಕೇ. ಆದರೆ ತುಂಬಿದ ಬಸ್ಸಲ್ಲಿ ಮೀಸೆಚಿಗುರಿನ ಹುಡುಗನ ಹಾಗೆ ನಿಂತು ‘ಹೆಣ್ಣು’ ಅಂತಿರೋ ಆಧಾರ್ ಚಾಚಿದರೆ ಕಂಡಕ್ಟರ್ ಒಂದು ಸಲ ಕಾರ್ಡು, ಒಂದು ಸಲ ಮುಖ ನೋಡ್ತಾನೆ, ಜೊತೆಗೆ ಇಡೀ ಬಸ್ಸು ತಿರುಗುತ್ತೆ. ದಿನಾ ಹೋಗೋ ರೂಟಲ್ಲಿ, ಪರಿಚಯದ ಕಂಡಕ್ಟರ್ ಇದ್ದಾಗ ತೋರಿಸಿ. ಗೊತ್ತಿಲ್ಲದ ಊರಲ್ಲಿ, ರಾತ್ರಿ ಹೊತ್ತಲ್ಲಿ ಚಿಲ್ಲರೆ ಕೈಲಿ ಹಿಡಿದಿರಿ, ಹಿಂದಿನ ಬಾಗಿಲಲ್ಲಿ ಹತ್ತಿ, ಇಳಿಯೋ ಸ್ಟಾಪ್ ಹೆಸರು ಹೇಳಿ ಟಿಕೆಟ್ ತಗೊಳ್ಳಿ.